ತರಗು ಬೆಂಕಿ ಬಲ್ಲವರ ಬೆಟ್ಟ

ಯಳಂದೂರು ತಾಲ್ಲೂಕಿನ ಹೊನ್ನೂರು ಕಡೆಯ ಬಯಲಲ್ಲಿ ನಿಂತು ಮೂಡಣಕ್ಕೆ ಕಣ್ಣು ಹಾಯಿಸಿದರೆ ಹೊಲಗದ್ದೆಗಳಾಚೆ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಬಯಲಿನವರಿಗೆ ಅದು ದೇವರ ದಿಕ್ಕೂ ಹೌದು, ನೀರಿನ ದಿಕ್ಕೂ ಹೌದು. ಬೆಟ್ಟದ ಪಡುವಣ ಇಳಿಜಾರಿನ ಹಳ್ಳಗಳು ಸುವರ್ಣಾವತಿಗೆ ಸೇರುತ್ತವೆ. ಹಳಬರು ಹೊನ್ನುಹೊಳೆ ಎನ್ನುವ ಆ ನದಿ ಯಳಂದೂರಿನ ಗದ್ದೆಗಳಿಗೆ ನೀರುಣಿಸಿ ಕೊಳ್ಳೇಗಾಲದ ಕಡೆ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಮೇಲಿನ ಕಾಡು ಒಣಗಿದರೆ ಕೆಳಗಿನ ಗದ್ದೆಯೂ ಒಣಗುತ್ತದೆ ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಕಾಡನ್ನು ಇಷ್ಟು ಕಾಲ ಯಾರು ಕಾದರು, ಇನ್ನು ಮುಂದೆ ಯಾರು ಕಾಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಾದರೆ ಗುಂಬಳ್ಳಿಯ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತಬೇಕು. ದೇವಸ್ಥಾನದ ಬಳಿ ನಿಲ್ಲದೆ ಪುರಾಣಿ ಪೋಡು, ಯರಕನಗದ್ದೆ, ಮಂಜಿಗುಂಡಿ, ಗೊಂಬೆಗಲ್ಲುಗಳಂಥ ಪೋಡುಗಳ, ಎಂದರೆ ಸೋಲಿಗರ ಹಾಡಿಗಳ ತನಕ ಹೋಗಬೇಕು.

2011ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ಸಿಕ್ಕವು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಸಮುದಾಯದ ಹಕ್ಕನ್ನು ಸರ್ಕಾರ ಒಪ್ಪಿಕೊಂಡದ್ದು ಅದೇ ಮೊದಲು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿದ್ದು ಅದೇ ವರ್ಷದ ಜನವರಿಯಲ್ಲಿ. ಹುಲಿಗೆ ಬೇಲಿ ಹಾಕಿದರೆ ಜನರನ್ನು ಹೊರಗೆ ಹಾಕುತ್ತಾರೆ ಎಂಬ ಭಯ ಪೋಡು ಪೋಡಿಗೂ ಹಬ್ಬಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಬಂದ ಆ ಕಾಗದಕ್ಕೆ ಎಷ್ಟು ತೂಕವಿತ್ತು ಎಂಬುದನ್ನು ನಗರದಲ್ಲಿ ಕೂತು ಅಳೆಯುವುದು ಕಷ್ಟ.

ಸೋಲಿಗರಿಗೆ ಕಾಡು ಒಂದೇ ಹಸಿರು ಹರವಲ್ಲ. ಅದು ಎಲ್ಲೆಗಳಾಗಿ ಹಂಚಿಹೋಗಿದೆ. ಒಂದೊಂದು ಎಲ್ಲೆ ಒಂದೊಂದು ಕುಲದ ಪಾಲನೆಗೆ ಸೇರಿದ್ದು. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ಐದು ಬಗೆಯ ಪವಿತ್ರ ತಾಣಗಳಿರುತ್ತವೆ. ಅಬ್ಬಿಯೆಂದರೆ ನೀರಿನ ಸೆಲೆ, ಕಲ್ಲುಗುಡಿಯೆಂದರೆ ಹಿರಿಯರು ಮಣ್ಣಾದ ಜಾಗ. ಏಟ್ರೀ ಸಂಶೋಧನಾ ಸಂಸ್ಥೆಯ ನಿತಿನ್ ರೈ, ಸುಷ್ಮಿತಾ ಮಂಡಲ್ ಮತ್ತು ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರು ಹಿರಿಯರ ಜೊತೆ ಕಾಡು ಸುತ್ತಿ ಈ ತಾಣಗಳನ್ನು ಜಿಪಿಎಸ್ ಹಿಡಿದು ಗುರುತಿಸಿದಾಗ ಸಿಕ್ಕಿದ್ದು ಸುಮಾರು ಐನೂರು. ಇಲಾಖೆಯ ನಕ್ಷೆಯಲ್ಲಿ ಬೀಟು, ಸೆಕ್ಷನ್ನು, ರೇಂಜುಗಳಷ್ಟೇ ಇದ್ದ ಕಡೆ ಹೆಸರುಳ್ಳ ಕಲ್ಲು, ಹೆಸರುಳ್ಳ ಮರ, ಹೆಸರುಳ್ಳ ಸೆಲೆಗಳು ಎದ್ದುಬಂದವು. ಮುಂದೆ ಹಕ್ಕು ಕೇಳುವಾಗ ಸೋಲಿಗರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಈ ನಕ್ಷೆ.

ಆ ತಾಣಗಳಲ್ಲೆಲ್ಲ ಹೆಸರಾದದ್ದು ದೊಡ್ಡಸಂಪಿಗೆ. ಭಾರ್ಗವಿ ಹೊಳೆಯ ಬದಿಯಲ್ಲಿ, ಆರುನೂರು ವರ್ಷ ಹಳೆಯದೆಂದು ಹೇಳುವ ಈ ಸಂಪಿಗೆ ಮರವೇ ಅಲ್ಲಿ ಗುಡಿ, ಮರವೇ ದೇವರು. ಬುಡದ ತುಂಬ ಲಿಂಗಗಳು. ಗೋಡೆಯಿಲ್ಲ, ಬೀಗವಿಲ್ಲ. ಆದರೂ ಅದರ ಕೊಂಬೆ ಕಡಿಯಲು ಯಾರ ಕೈಯೂ ಏಳುವುದಿಲ್ಲ. ಬೆಟ್ಟದ ರಂಗನಾಥನಂತೂ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು, ಹಾಗಾಗಿ ಅವನು ಇವರಿಗೆ ರಂಗಭಾವ. ದೇವರೇ ನೆಂಟನಾಗಿರುವ ಕಾಡಿನಲ್ಲಿ ಇವರು ಒತ್ತುವರಿದಾರರಾಗಿದ್ದು ಹೇಗೆ?

ಅದು ಒಂದು ದಿನದಲ್ಲಿ ಆದದ್ದಲ್ಲ. ಬ್ರಿಟಿಷರ ಕಾಲಕ್ಕೇ ಮೋರಿಸ್ ಕುಟುಂಬದಂಥವರು ಹೊನ್ನಮೇಟಿ, ಬೇಡಗುಳಿಗಳಲ್ಲಿ ಕಾಫಿ ತೋಟ ಎಬ್ಬಿಸಿದ್ದರು. ಬೆಟ್ಟದೊಳಗೆ ಖಾಸಗಿ ತೋಟಗಳು ಉಳಿದವು. ಸೋಲಿಗರ ಕೊತ್ತುಕಾಡು ಬೇಸಾಯ ಉಳಿಯಲಿಲ್ಲ. ಮೂರ್ನಾಲ್ಕು ವರ್ಷ ರಾಗಿ, ಅವರೆ, ಸಾಸಿವೆ ಬೆಳೆದು ನೆಲವನ್ನು ಕಾಡಿಗೆ ಬಿಟ್ಟು ಮುಂದೆ ಹೋಗುತ್ತಿದ್ದ ಕ್ರಮವದು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಅಭಯಾರಣ್ಯವಾಯಿತು, 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆ ಬದಿಯ ಕಾಲೊನಿಗಳಿಗೆ ತಂದರು. ಬೇಟೆ ನಿಂತಿತು, ಬೇಸಾಯ ನಿಂತಿತು, ಬೆಂಕಿ ನಿಂತಿತು. ಉಳಿದದ್ದು ಕಿರು ಅರಣ್ಯ ಉತ್ಪನ್ನ: ಜೇನು, ನೆಲ್ಲಿಕಾಯಿ, ಮರಪಾಚಿ, ಅಂಟುವಾಳ, ಸೀಗೆ, ಮಾಗಳಿ ಬೇರು. ಅದನ್ನು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಟ್ಟು ಬಂದ ಹಣದಲ್ಲಿ ಬದುಕು.

1980ರ ಸುಮಾರಿಗೆ ಬೆಟ್ಟಕ್ಕೆ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ, ನಂತರ ಸಂಘಟನೆ. ಆ ಶಾಲೆಯಲ್ಲಿ ಕಲಿತ ಮಕ್ಕಳ ಪೈಕಿ ಹಲವರು ಮುಂದೆ ತಮ್ಮ ಹಕ್ಕಿನ ಅರ್ಜಿಯನ್ನು ತಾವೇ ಬರೆದರು. ತೊಂಬತ್ತರ ದಶಕದಲ್ಲಿ ಕಮಲ್ ಬಾವಾ, ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಮೊದಲಾದ ವಿಜ್ಞಾನಿಗಳು ಇಲ್ಲಿ ಕೆಲಸ ಮಾಡಿದರು.  ಸೋಲಿಗ ಕುಟುಂಬಗಳ ನಗದು ಆದಾಯದಲ್ಲಿ ಸುಮಾರು ಅರ್ಧದಷ್ಟು ಈ ಕಾಡಿನ ಉತ್ಪನ್ನಗಳಿಂದಲೇ ಬರುತ್ತಿತ್ತೆಂದು ಆಗಿನ ಅಧ್ಯಯನ ಕಂಡುಕೊಂಡಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯನ್ನು ಮುಂದಿಟ್ಟು, 2006ರ ಹೊತ್ತಿಗೆ ಅಭಯಾರಣ್ಯದಿಂದ ಮಾರಾಟಕ್ಕೆ ಏನನ್ನೂ ತರಕೂಡದೆಂದು ಸಂಗ್ರಹವನ್ನೇ ನಿಲ್ಲಿಸಿದರು. ಅರ್ಧ ಆದಾಯ ಹೋಯಿತು. ಜೇನು ಇಳಿಸುತ್ತಿದ್ದ ಕೈಗಳು ಕೂಲಿ ಹುಡುಕಿ ತೋಟಗಳ ದಾರಿ ಹಿಡಿದವು. ಕಾಡಿನ ಮೇಲೆ ನಿತ್ಯ ಇದ್ದ ಸಾವಿರ ಕಣ್ಣುಗಳು ಒಮ್ಮೆಗೇ ಕಡಿಮೆಯಾದವು. ಯಾವ ಲೆಕ್ಕದಲ್ಲಿ ಇದು ಸಂರಕ್ಷಣೆ ಎಂಬುದು ನನಗೆ ಇಂದಿಗೂ ತಿಳಿಯದು.

ಅದೇ 2006ರ ಕೊನೆಗೆ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಅಂಗೀಕರಿಸಿತು. ಕಾಯ್ದೆ ಓದಿ ಅರ್ಥ ಮಾಡಿಕೊಂಡು, ಗ್ರಾಮಸಭೆ ಸೇರಿಸಿ, ಅರಣ್ಯ ಹಕ್ಕು ಸಮಿತಿ ರಚಿಸಿ, ಎಲ್ಲೆಗಳ ನಕ್ಷೆ ಲಗತ್ತಿಸಿ ಅರ್ಜಿ ಹಾಕಿದವರು ಸೋಲಿಗ ಅಭಿವೃದ್ಧಿ ಸಂಘದ ಜನ. ಗ್ರಾಮಸಭೆಗಳ ಒಪ್ಪಿಗೆ ಕೇಳದೆ ಹುಲಿ ಯೋಜನೆ ಘೋಷಿಸಿದ್ದನ್ನು ಅವರು ಬೀದಿಗಿಳಿದು ವಿರೋಧಿಸಿದರು. ಜೊತೆಯಲ್ಲೇ, ಹುಲಿಯನ್ನು ನಾವೂ ಉಳಿಸುತ್ತೇವೆ, ಹೇಗೆಂದು ಹೇಳುತ್ತೇವೆ ಕೇಳಿ ಎಂಬ ನಿಲುವನ್ನೂ ಬಿಡಲಿಲ್ಲ. ಈ ಎರಡನೆಯ ಮಾತನ್ನು ಪತ್ರಿಕೆಗಳು ಆಗ ಅಷ್ಟಾಗಿ ಗಮನಿಸಲಿಲ್ಲ.

ಹುಲಿಗಳ ಲೆಕ್ಕ ಏನು ಹೇಳಿತು? 2010ರ ಹೊತ್ತಿಗೆ ಸುಮಾರು 35 ಎಂದಿದ್ದ ಸರ್ಕಾರಿ ಅಂದಾಜು 2014ಕ್ಕೆ 68ರ ಹತ್ತಿರ ಬಂದಿತ್ತು. ಏರಿಕೆಯ ಪೂರ್ಣ ಶ್ರೇಯ ಸೋಲಿಗರಿಗೇ ಸೇರಬೇಕೆಂದು ನಾನು ವಾದಿಸುವುದಿಲ್ಲ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಹಗಲು ದುಡಿಯುವ ಕಾವಲುಗಾರರ ಪಾಲು ಅದರಲ್ಲಿ ದೊಡ್ಡದು, ಆ ಕಾವಲುಗಾರರಲ್ಲೂ ಅನೇಕರು ಸೋಲಿಗ ಯುವಕರೇ. ಆದರೆ ಜನ ಇದ್ದರೆ ಹುಲಿ ಇರುವುದಿಲ್ಲ ಎಂಬ ವಾದಕ್ಕೆ ಈ ಬೆಟ್ಟದಲ್ಲಿ ಆಧಾರ ಸಿಗಲಿಲ್ಲ. ಪೋಡುಗಳು ಇದ್ದವು, ಕಾಫಿ ಗಿಡಗಳಿದ್ದವು, ಜೇನು ಇಳಿಸುವವರಿದ್ದರು, ಹುಲಿ ಹೆಚ್ಚಾಯಿತು.

ಇನ್ನು ಬೆಂಕಿಯ ಮಾತು. ಈ ಬೆಟ್ಟದ ಕಥೆಯ ತಿರುಳು ಇದೇ ಎಂದು ನನಗನ್ನಿಸುತ್ತದೆ.

ಜನವರಿ ಹೊತ್ತಿಗೆ ಎಲೆ ಉದುರತೊಡಗುತ್ತದೆ. ನೆಲದಲ್ಲಿನ್ನೂ ತೇವ ಇರುತ್ತದೆ, ಹುಲ್ಲು ಪೂರ್ತಿ ಒಣಗಿರುವುದಿಲ್ಲ. ಆಗ ಸೋಲಿಗರು ಒಣಗಿದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದೇ ತರಗು ಬೆಂಕಿ. ಮೊಣಕಾಲೆತ್ತರ ಮೀರದ ಉರಿ, ನೆಲದ ಮೇಲೆ ಸರಿದುಹೋಗಿ ಹಸಿ ಜಾಗ ಸಿಕ್ಕಿದಲ್ಲಿ ತಾನಾಗಿ ಆರುವಂಥದ್ದು. ಅದರಿಂದ ಉಣ್ಣೆ ಸಾಯುತ್ತಿತ್ತು, ಎಳೆ ಹುಲ್ಲು ಚಿಗುರಿ ಕಡವೆ, ಜಿಂಕೆ, ಕಾಟಿಗೆ ಮೇವಾಗುತ್ತಿತ್ತು, ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೊಳೆತ ಲಂಟಾನದ ಸಸಿ ಸುಟ್ಟುಹೋಗುತ್ತಿತ್ತು. ವನ್ಯಜೀವಿ ಕಾಯ್ದೆ ಬಂದ ಮೇಲೆ ಬೆಂಕಿ ಅಪರಾಧವಾಯಿತು. ಕಡ್ಡಿ ಗೀರಿದವನು ಆರೋಪಿಯಾದ.

ಆಮೇಲೆ ಆದದ್ದನ್ನು ಅಂಕಿಅಂಶವೇ ಹೇಳುತ್ತದೆ. ಲಂಟಾನ ದಕ್ಷಿಣ ಅಮೆರಿಕ ಕಡೆಯ ಗಿಡ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು. 1997ರಲ್ಲಿ ಬೆಟ್ಟದಾದ್ಯಂತ ಗುರುತು ಹಾಕಿದ ಜಾಗಗಳಲ್ಲಿ ಸುಮಾರು ಶೇ 40ರಲ್ಲಷ್ಟೇ ಅದು ಕಂಡಿತ್ತು. 2008ರಲ್ಲಿ ಏಟ್ರೀಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಅದೇ ಜಾಗಗಳಿಗೆ ಮರಳಿ ನೋಡಿದಾಗ ಶೇ 80ರಷ್ಟು ಕಡೆ ಲಂಟಾನವೇ. ಒಂದು ದಶಕದಲ್ಲಿ ದುಪ್ಪಟ್ಟು. ಲಂಟಾನದ ಅಡಿಯಲ್ಲಿ ಹುಲ್ಲು ಏಳದು, ನೆಲ್ಲಿ ಸಸಿ ಏಳದು. ಬೇಸಿಗೆಯಲ್ಲಿ ಅದು ಒಣಗಿ ಪೊದೆಪೊದೆಯಾಗಿ ನಿಂತಾಗ ಬೆಂಕಿ ಬಿದ್ದರೆ ಉರಿ ಮರದ ನೆತ್ತಿಗೇರುತ್ತದೆ. ಸಣ್ಣ ಬೆಂಕಿ ನಿಲ್ಲಿಸಿದ್ದರಿಂದ ದೊಡ್ಡ ಬೆಂಕಿಗೆ ಸೌದೆ ಕೂಡಿಟ್ಟಂತಾಯಿತು.

ಸೋಲಿಗ ಹಿರಿಯರು ಈ ಕಾರ್ಯಕಾರಣವನ್ನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದರು. ಅವರ ಮಾತನ್ನು ವಿಜ್ಞಾನಿಗಳು ಬರೆದುಕೊಂಡು, ಪರೀಕ್ಷಿಸಿ, ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ ಮೇಲೂ ನೀತಿ ಬದಲಾಗಲಿಲ್ಲ ಎಂಬುದು ಬೇಸರದ ಸಂಗತಿ. ಉತ್ತರ ಆಸ್ಟ್ರೇಲಿಯಾದ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿಗಳ ಇಂಥದೇ ಮುಂಗಡ ಬೆಂಕಿಯನ್ನು 2006ರಿಂದ ಅಧಿಕೃತ ಯೋಜನೆಯಾಗಿ ನಡೆಸುತ್ತಿದ್ದಾರೆ, ಅದಕ್ಕೆ ಹಣವನ್ನೂ ಕೊಡುತ್ತಾರೆ. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗದು? ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಲಂಟಾನ ಆಳೆತ್ತರ ಬೆಳೆದ ಕಡೆ ಈಗ ಏಕಾಏಕಿ ಬೆಂಕಿ ಕೊಟ್ಟರೆ ಕೇಡು. ಅದು ಭೋರೆಂದು ಉರಿದು ಬೇರಿನಿಂದ ಮತ್ತೆ ಚಿಗುರುತ್ತದೆ. ಮೊದಲು ಕಿತ್ತು ತೆಗೆಯಬೇಕು, ಹುಲ್ಲು ಏಳಲು ಬಿಡಬೇಕು, ಆಮೇಲೆ ತರಗು ಬೆಂಕಿ. ಯಾವ ಇಳಿಜಾರಿಗೆ ಯಾವ ವಾರ, ಗಾಳಿ ಯಾವ ಕಡೆಯಿಂದ ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ನಂತರ ಈ ತಿಳಿವಳಿಕೆ ಯಾವ ಕಡತದಲ್ಲೂ ಸಿಗುವುದಿಲ್ಲ.

ಈ ತಿಳಿವಳಿಕೆಯ ಹರವು ದೊಡ್ಡದು. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ, ಈ ನಾಲ್ಕೂ ಯಾವ ಹೂವಿನ ಕಾಲದಲ್ಲಿ ಎಲ್ಲಿ ಕೂರುತ್ತವೆ ಎಂಬ ಲೆಕ್ಕ ಅವರ ಬಾಯಲ್ಲಿದೆ. ಭಾಷಾವಿಜ್ಞಾನಿ ಆಂಗ್ ಸಿ ಸೋಲಿಗ ನುಡಿಯಲ್ಲಿ ಅಡಗಿರುವ ಗಿಡ, ಹಕ್ಕಿ, ಜೇನಿನ ಅರಿವಿನ ಮೇಲೆ 2016ರಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಜೇನುಹುಟ್ಟೆಲ್ಲವನ್ನೂ ಕೀಳದೆ ಒಂದಷ್ಟು ಬಿಡುವುದು, ನೆಲ್ಲಿಕಾಯಿಯನ್ನು ಪ್ರಾಣಿಗಳಿಗೂ ಬೀಜಕ್ಕೂ ಉಳಿಸಿ ಇಳಿಸುವುದು, ಗೆಣಸು ಅಗೆದ ಮೇಲೆ ತುದಿಯನ್ನು ಮತ್ತೆ ಮಣ್ಣಿಗಿಡುವುದು, ಇವೆಲ್ಲ ನಿತ್ಯದ ನಡೆ. ಏಟ್ರೀಯ ಸಿದ್ದಪ್ಪ ಶೆಟ್ಟಿ ಮತ್ತು ಜೊತೆಗಾರರು ಸೋಲಿಗರೊಂದಿಗೆ ಕೂತು ನೆಲ್ಲಿ, ಜೇನು ಇಳುವರಿಯನ್ನು ವರ್ಷ ವರ್ಷ ಅಂದಾಜು ಮಾಡುವ ಕ್ರಮ ರೂಪಿಸಿದರು. ಎಷ್ಟು ಇದೆ, ಎಷ್ಟು ತೆಗೆಯಬಹುದು ಎಂಬುದನ್ನು ಕೊಯ್ಲಿಗೆ ಮೊದಲೇ ತೂಗಿ ನೋಡುವ ಕೆಲಸವದು. ಇದೇ ಬೆಟ್ಟದಲ್ಲಿ ಸಿಕ್ಕ ಕಣಜದ ಹೊಸ ಕುಲಕ್ಕೆ ಏಟ್ರೀ ವಿಜ್ಞಾನಿಗಳು ‘ಸೋಲಿಗ’ ಎಂದೇ ಹೆಸರಿಟ್ಟರು. ಗೌರವ ಒಳ್ಳೆಯದು. ಅಧಿಕಾರ ಇನ್ನೂ ಒಳ್ಳೆಯದು.

ಅಧಿಕಾರದ ಮಾತೇ ಇಲ್ಲಿ ಕಗ್ಗಂಟಾಗಿರುವುದು. ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಗ್ರಾಮಸಭೆಗೆ ಕಾಡು, ವನ್ಯಜೀವಿ, ಜಲಮೂಲಗಳನ್ನು ರಕ್ಷಿಸುವ ಅಧಿಕಾರ ಕೊಡುತ್ತದೆ. ಆದರೆ ಬೆಂಕಿ ರೇಖೆ ಎಲ್ಲಿ, ಲಂಟಾನ ಎಲ್ಲಿ ಕೀಳಬೇಕು, ಸಫಾರಿ ವಾಹನ ಯಾವ ದಾರಿಯಲ್ಲಿ ಓಡಬೇಕು ಎಂಬ ತೀರ್ಮಾನಗಳು ಗ್ರಾಮಸಭೆಯ ಜಗಲಿಗೆ ಬರುವುದಿಲ್ಲ. ಹಕ್ಕುಪತ್ರ ಗೋಡೆಯ ಮೇಲೆ ತೂಗುತ್ತದೆ, ಯೋಜನೆ ಕಚೇರಿಯಲ್ಲಿ ತಯಾರಾಗುತ್ತದೆ.

ಈಗ ಬೆಟ್ಟದ ಮೂಡಣಕ್ಕಿಳಿದು ಹನೂರಿನ ಕಡೆ ಬನ್ನಿ. ಲೊಕ್ಕನಹಳ್ಳಿ, ಒಡೆಯರಪಾಳ್ಯದ ದಾರಿ. ಬಿಳಿಗಿರಿ ಕಾಡಿಗೂ ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟದ ಕಾಡಿಗೂ ನಡುವೆ ಇಕ್ಕಟ್ಟಾದ ಒಂದು ಕೊಂಡಿ ಇದೆ, ಎಡೆಯರಹಳ್ಳಿ–ದೊಡ್ಡಸಂಪಿಗೆ ಆನೆದಾರಿ. ಇಲ್ಲಿ ಆನೆಗಳಿಗೆ ಅಡ್ಡವಾಗಿದ್ದ ಸುಮಾರು 25 ಎಕರೆ ಹೊಲವನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಯಾರನ್ನೂ ಒಕ್ಕಲೆಬ್ಬಿಸದೆ, ಒಪ್ಪಿಸಿ ಪಡೆದ ದಾರಿ ಅದು. ಪಶ್ಚಿಮಘಟ್ಟದ ಆನೆ ಪೂರ್ವಘಟ್ಟಕ್ಕೆ ದಾಟುವುದು ಇಂಥ ಕಿರುದಾರಿಗಳನ್ನು ನೆಚ್ಚಿಕೊಂಡೇ.

ದಾರಿಯಾಚೆಯ ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 906 ಚದರ ಕಿಲೋಮೀಟರ್. ಹುಲಿಯ ಮೇಲೆ ಸವಾರಿ ಮಾಡುವ ಮಾದಪ್ಪನ ನಾಡು. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಇಲ್ಲಿನ ಹಳ್ಳಿಗರು, ಸೋಲಿಗರು ಅವನಿಂದಲೂ ಪೊಲೀಸರಿಂದಲೂ ನಲುಗಿದರು. ಸಮವಸ್ತ್ರ ಕಂಡರೆ ಹಿಂಜರಿಯುವ ಭಯ ಇಂದಿಗೂ ಹಳಬರಲ್ಲಿದೆ. ಈ ಕಾಡಂಚಿನಲ್ಲೂ ಒಳ್ಳೆಯ ಕೆಲಸಗಳಾಗಿವೆ. ಬಿದಿರು ಬರಿದಾದಾಗ ಸೋಲಿಗರು ಲಂಟಾನದ ಕಡ್ಡಿಯಿಂದಲೇ ಕುರ್ಚಿ, ಬುಟ್ಟಿ, ಮೇಜು ಹೆಣೆಯಲು ಕಲಿತರು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತವರ ತಂಡ ಕಾಡಂಚಿನ ಮನೆಗಳಿಗೆ ಅಡುಗೆ ಅನಿಲ ಮುಟ್ಟಿಸಿ ಸೌದೆಯ ಹೊರೆ ಇಳಿಸಿತು. ಗುಬ್ಬಿಯವರಿಗೆ 2017ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ಆದರೆ 2025ರ ಜೂನ್ 26ರಂದು ಇದೇ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಐದು ಹುಲಿ ಒಂದೇ ದಿನ. ಕೆಳಹಂತದ ಹೊರಗುತ್ತಿಗೆ ಕಾವಲುಗಾರರಿಗೆ ಆಗ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲವೆಂದೂ ವರದಿಯಾಯಿತು. ವಿಷವಿಟ್ಟದ್ದು ಅಕ್ಷಮ್ಯ, ಅದಕ್ಕೆ ಶಿಕ್ಷೆಯಾಗಬೇಕು. ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಹಸು ಸತ್ತರೆ ಪರಿಹಾರ ಎಷ್ಟು ದಿನಕ್ಕೆ ಕೈಸೇರುತ್ತದೆ, ದನ ಸಾಕುವ ದೊಡ್ಡಿಯವರ ಮಾತನ್ನು ಯಾವ ಸಭೆಯಲ್ಲಿ ಯಾರು ಕೇಳುತ್ತಾರೆ ಎಂದೂ ವಿಚಾರಿಸಬೇಕು. ಘಟನೆಯ ಬೆನ್ನಿಗೆ ಬಂದದ್ದು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವ ಆದೇಶದ ಮಾತು. ಮತ್ತೆ ಅದೇ ದಾರಿ, ಬಿಳಿಗಿರಿಯಲ್ಲಿ ಬೆಂಕಿಯನ್ನು ನಿಷೇಧಿಸಿದ ಹಾಗೆ. ಕಾಡನ್ನು ತನ್ನದೆಂದುಕೊಂಡವನು ಅದನ್ನು ಕಾಯುತ್ತಾನೆ. ತನ್ನನ್ನು ಹೊರಗಿಟ್ಟ ಕಾಡಿನಲ್ಲಿ ಹುಲಿ ಸತ್ತರೆ ಅವನಿಗೇನು?

ಮಲೆ ಮಹದೇಶ್ವರ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ವರ್ಷಗಳಿಂದ ಇದೆ, ಸ್ಥಳೀಯರ ವಿರೋಧವೂ ಇದೆ. ಹುಲಿಗೆ ಆ ಕಾಡು ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬಿಳಿಗಿರಿಯಲ್ಲಿ ಮೊದಲು ಘೋಷಣೆ, ಆಮೇಲೆ ಹಕ್ಕು ಎಂಬ ತಲೆಕೆಳಗಾದ ಕ್ರಮದಿಂದ ಹುಟ್ಟಿದ ಅಪನಂಬಿಕೆ ಇನ್ನೂ ಕರಗಿಲ್ಲ. ಹನೂರಿನಲ್ಲಿ ಅದು ಮರುಕಳಿಸಬಾರದು. ಅಲ್ಲಿನ ಪೋಡು, ದೊಡ್ಡಿಗಳ ಅರಣ್ಯ ಹಕ್ಕಿನ ಅರ್ಜಿಗಳು ಮೊದಲು ಇತ್ಯರ್ಥವಾಗಲಿ, ಗ್ರಾಮಸಭೆ ಕೂತು ಚರ್ಚಿಸಲಿ, ನಕ್ಷೆ ಆಮೇಲೆ ಬರಲಿ. ಬಿಳಿಗಿರಿಯಲ್ಲಿ ಹಕ್ಕುಪತ್ರ ಪಡೆದ ಗ್ರಾಮಸಭೆಗಳಲ್ಲಿ ಒಂದೆರಡನ್ನಾದರೂ ಆಯ್ದು, ಅವುಗಳ ಎಲ್ಲೆಯಲ್ಲಿ ಲಂಟಾನ ತೆಗೆಯುವ ಹಾಗೂ ತರಗು ಬೆಂಕಿ ಕೊಡುವ ಹೊಣೆಯನ್ನು ಹಣದ ಸಮೇತ ಅವರಿಗೇ ವಹಿಸಲಿ. ಇಲಾಖೆಯವರು, ವಿಜ್ಞಾನಿಗಳು ಜೊತೆಗಿದ್ದು ಫಲಿತಾಂಶ ಅಳೆಯಲಿ. ಹೊನ್ನೂರು, ಯಳಂದೂರಿನ ಬಯಲಿನವರು ಇದನ್ನು ಬೆಟ್ಟದವರ ಬೇಡಿಕೆ ಎಂದು ಸುಮ್ಮನಿರಬಾರದು. ಹೊನ್ನುಹೊಳೆಯ ನೀರು ಕುಡಿಯುವ ಗದ್ದೆಗಳ ಒಡೆಯರೂ ತಮ್ಮ ಶಾಸಕರ, ಜಿಲ್ಲಾಧಿಕಾರಿಗಳ ಮುಂದೆ ಇದನ್ನೇ ಕೇಳಬೇಕು. ತರಗು ಬೆಂಕಿ ಬಲ್ಲ ಹಿರಿಯರು ಇರುವಾಗಲೇ ಕೇಳಬೇಕು.